ಎರಡು ಗಿಡುಗ, ಒಂದು ತಗಡು

ಬೋರ್ಡಕ್ಕನ ಗಂಡ ಬೋರ್ಡಕ್ಕನಿಗಿಂತ ಒಂದು ಗೇಣು ಕುಳ್ಳ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಬೀದಿಯಲ್ಲಿ ಯಾರನ್ನೇ ಕೇಳಿ, ಮೊದಲು ಹೇಳುವುದು ಇದನ್ನೇ. ಅವಳ ಕೈಬರಹದ ಮಾತು ಬರುವುದು ಆಮೇಲೆ. ಮೂವತ್ತೊಂದು ವರ್ಷದಿಂದ ಅವಳು ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದಳು, ಅವನು ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದ. ಬೀದಿಗೆಲ್ಲ ಅವಳು ಅಕ್ಕನಾದ ಮೇಲೆ ಅವನು ಭಾವನಾಗಲೇಬೇಕಷ್ಟೆ. ಹಾಗಾಗಿ ಅವನು ಏಣಿಭಾವ. ಒಂದು ದಿನವೂ ಏಣಿ ಜಾರಿದ್ದಿಲ್ಲ. ಮಾತು ಮಾತ್ರ ಆಗಾಗ ಜಾರುತ್ತಿತ್ತು, ಮೇಲಿನಿಂದಲೂ ಕೆಳಗಿನಿಂದಲೂ.

ಅವರ ಅಂಗಡಿ ಎಂದರೆ ಬೀದಿಗೆ ತೆರೆದ ಒಂದೇ ಒಂದು ಉದ್ದನೆಯ ಕೋಣೆ. ಒಳಗೆ ಕಾಲಿಟ್ಟರೆ ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗೋಡೆಗೆ ಒರಗಿಸಿದ ತಗಡುಗಳು, ಹಳೆಯ ಡಬ್ಬಗಳಲ್ಲಿ ತಲೆಕೆಳಗಾಗಿ ತೂಗಿದ ಬ್ರಷ್ಷುಗಳು, ಮೂಲೆಯಲ್ಲಿ ಸೀಮೆಸುಣ್ಣ ಬಳಿದ ದಾರದ ಉಂಡೆ. ಆ ದಾರವನ್ನು ಎರಡು ಕಡೆ ಹಿಡಿದು ಎಳೆದು ಟಪ್ಪೆಂದು ಬಿಟ್ಟರೆ ತಗಡಿನ ಮೇಲೆ ನೇರವಾದ ಬಿಳಿ ಗೆರೆ ಮೂಡಬೇಕು. ಏಣಿಭಾವ ಹಿಡಿದ ತುದಿ ಯಾವಾಗಲೂ ಸ್ವಲ್ಪ ತಗ್ಗು. ಹಾಗಾಗಿ ಅವನು ಒಂದು ಇಟ್ಟಿಗೆಯ ಮೇಲೆ ನಿಂತು ಹಿಡಿಯುತ್ತಿದ್ದ.

ಕೆಲಸ ಕಲಿಸಿದವರು ಅವಳ ಅಪ್ಪ. ಅವರು ಬಸ್ಸುಗಳಿಗೆ ಬೋರ್ಡು ಬರೆಯುತ್ತಿದ್ದವರು, ಕೈ ಚೆನ್ನಾಗಿತ್ತು, ಬಾಯಿ ಅಷ್ಟು ಚೆನ್ನಾಗಿರಲಿಲ್ಲ. ಹನ್ನೊಂದು ವರ್ಷದ ಮಗಳ ಕೈಗೆ ಬ್ರಷ್ ಕೊಟ್ಟು ಅವರು ಹೇಳಿಕೊಟ್ಟ ನಿಯಮ ಒಂದೇ. ತಗಡಿನ ಮೇಲೆ ಖಾಲಿ ಜಾಗ ಬಿಡಬಾರದು, ಎಡಕ್ಕೆಷ್ಟು ತೂಕವೋ ಬಲಕ್ಕೂ ಅಷ್ಟೇ ತೂಕ ಇರಬೇಕು, ಖಾಲಿ ಬಿಟ್ಟರೆ ಗಿರಾಕಿ ಮೋಸ ಹೋದೆ ಅಂದುಕೊಳ್ಳುತ್ತಾನೆ. ಮಗಳು ಈ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ, ಹಲ್ಲಿನ ಡಾಕ್ಟರ ಬೋರ್ಡಿನಲ್ಲಿ ನಗುವ ಬಾಯಿ ಬರೆಯುವಾಗ ಎರಡು ತುದಿಯಲ್ಲೂ ಜಾಗ ಉಳಿಯಿತೆಂದು ಒಟ್ಟು ಮೂವತ್ತಾರು ಹಲ್ಲು ಬರೆದಳು. ಡಾಕ್ಟರು ಎಣಿಸಿ ನೋಡಿ, ತಮ್ಮ ಬಳಿ ಬರುವವರಿಗೆ ಹಲ್ಲು ಕಡಿಮೆಯೇ ಇರುತ್ತವೆ, ಬೋರ್ಡಿನಲ್ಲಾದರೂ ನಾಲ್ಕು ಹೆಚ್ಚಿರಲಿ ಎಂದು ಹಾಗೆಯೇ ತೂಗುಹಾಕಿಕೊಂಡರು.

ಇಂಥ ಒಳ್ಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದದ್ದು ಹೇಗೆಂದು ಹೇಳಬೇಕಾಗಿಲ್ಲ. ಪ್ಲಾಸ್ಟಿಕ್ ಬಟ್ಟೆಯ ಮೇಲೆ ಯಂತ್ರದಲ್ಲಿ ಬೋರ್ಡು ಮುದ್ರಿಸುವ ಅಂಗಡಿ ಬಂತು. ಬೋರ್ಡಕ್ಕ ಆ ಅಂಗಡಿಯನ್ನು ಬಾಯಿತುಂಬ ಬೈಯುವಂತೆಯೂ ಇರಲಿಲ್ಲ, ಏಕೆಂದರೆ ಅದನ್ನು ಇಟ್ಟವರು ಸ್ವಂತ ಮಗಳು ಮತ್ತು ಅಳಿಯ. ಅಳಿಯ ಮೃದು ಸ್ವಭಾವದವನು. ಯಂತ್ರ ಕೆಂಪನ್ನು ಕಿತ್ತಳೆ ಮಾಡಿದಾಗಲೆಲ್ಲ ಕಾಗದ ಹಿಡಿದು ಅತ್ತೆಯ ಹತ್ತಿರ ಓಡಿ ಬರುತ್ತಿದ್ದ. ಮಗಳು ಮಾತ್ರ ಅಮ್ಮನ ಹಾಗೆಯೇ, ಹಿಡಿದ ಪಟ್ಟು ಬಿಡುವವಳಲ್ಲ. ಐವತ್ತಮೂರು ವರ್ಷದ ಅಮ್ಮ ಏಣಿ ಹತ್ತುವುದು ಅವಳಿಗೆ ಇಷ್ಟವಿರಲಿಲ್ಲ. ತನ್ನ ಅಂಗಡಿಯ ಕೌಂಟರಿನಲ್ಲಿ ಕೂತು ಗಿರಾಕಿಗಳನ್ನು ಮಾತಾಡಿಸಿಕೊಂಡಿದ್ದರೆ ಸಾಕು, ನೆರಳು ಇದೆ, ಫ್ಯಾನ್ ಇದೆ ಎಂದು ಎರಡು ವರ್ಷದಿಂದ ಕೊರೆಯುತ್ತಿದ್ದಳು. ಬೋರ್ಡಕ್ಕ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಆ ವರ್ಷ ಮೂರು ತಿಂಗಳಲ್ಲಿ ಬಂದದ್ದು ಒಂದೇ ಕೆಲಸ, ಅದೂ ಒಂದು ಬಾಗಿಲಿನ ನಂಬರು. ಕೊನೆಗೆ ಅವಳೂ ಸೋತು, ಈ ತಿಂಗಳ ಕೊನೆಯವರೆಗೆ ನೋಡುತ್ತೇನೆ, ದೊಡ್ಡ ಕೆಲಸ ಬರದಿದ್ದರೆ ಅಂಗಡಿ ಮುಚ್ಚಿ ನಿನ್ನ ಕೌಂಟರಿಗೆ ಬರುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟಳು. ಮಾತು ಕೊಟ್ಟು ಮನೆಗೆ ಬಂದವಳು ಆವತ್ತು ಎಲ್ಲ ಬ್ರಷ್ಷುಗಳನ್ನೂ ಎರಡೆರಡು ಸಲ ತೊಳೆದಳು. ಏಣಿಭಾವ ಪಕ್ಕದಲ್ಲಿ ಕೂತು ಒರೆಸಿಕೊಟ್ಟ.

ಅದಾಗಿ ನಾಲ್ಕನೆಯ ದಿನ ಅರಣ್ಯ ಕಚೇರಿಯಿಂದ ಕರೆ ಬಂತು.

ಊರಿನ ಬಸ್ಸು ಕೊನೆಯಲ್ಲಿ ತಿರುಗುವ ಜಾಗದಲ್ಲೇ ಕಾಡಿನ ಗೇಟು. ಕಾಡಿನೊಳಗೆ ಪ್ಲಾಸ್ಟಿಕ್ ಬಿಡಬಾರದೆಂದು ಹೊಸ ನಿಯಮ ಬಂದು, ಹಳೆಯ ನಲವತ್ತು ಬೋರ್ಡುಗಳನ್ನೂ ಕಿತ್ತು ತಗಡಿನ ಮೇಲೆ ಕೈಯಲ್ಲಿ ಬರೆಸಬೇಕಾಗಿತ್ತು. ರೇಂಜರ್ ಮೇಡಂ ವಿಷಯಕ್ಕೆ ನೇರವಾಗಿ ಬಂದರು. ಮೊದಲು ಒಂದು ಬೋರ್ಡು ಮಾದರಿಗೆ. ಅದು ಸರಿಬಂದರೆ ನಲವತ್ತೂ ಅವಳಿಗೇ, ಎರಡು ವರ್ಷದ ಕೆಲಸ. ಸರಿಬರದಿದ್ದರೆ ಕಲ್ಲಿನ ಮೇಲೆ ಕೆತ್ತಿಸುತ್ತಾರೆ. ಬೋರ್ಡಕ್ಕನ ಮುಖದಲ್ಲಿ ಮಾತ್ರ ಇಂಥ ಕೆಲಸ ದಿನಾ ಬರುತ್ತದೆ ಎನ್ನುವ ಗತ್ತು.

ಮಾದರಿಗೆ ಅವರು ಆರಿಸಿದ್ದು ಇದ್ದುದರಲ್ಲೇ ಕಷ್ಟದ್ದು. ಆ ಕಾಡಿನಲ್ಲಿ ಎರಡು ಬಗೆಯ ಗಿಡುಗಗಳಿದ್ದವು. ಒಂದು ದೊಡ್ಡ ಗಿಡುಗ; ಪಾರಿವಾಳ, ಕಾಗೆ, ಅಳಿಲು ಹಿಡಿಯುವಂಥದ್ದು, ಬಲು ಅಪರೂಪ, ಇಡೀ ಕಾಡಿನಲ್ಲಿ ಮೂರೇ ಗೂಡು. ಇನ್ನೊಂದು ಗುಬ್ಬಿಗಿಡುಗ; ಸಣ್ಣ ಹಕ್ಕಿಗಳನ್ನು ಹಿಡಿದು ತಿನ್ನುವುದರಿಂದ ಆ ಹೆಸರು, ಊರಂಚಿನ ತೋಟಗಳಲ್ಲೂ ಸಿಗುತ್ತದೆ. ನೋಡಲು ಬಂದವರಿಗೆಲ್ಲ ಎರಡೂ ಒಂದೇ. ಗುಬ್ಬಿಗಿಡುಗ ಕಂಡರೂ ದೊಡ್ಡದನ್ನೇ ಕಂಡೆವೆಂದು ಕುಣಿದಾಡಿ, ಗೂಡು ಹುಡುಕಲು ಕಾಡೊಳಗೆ ನುಗ್ಗುತ್ತಿದ್ದರು. ಕಳೆದ ವರ್ಷ ಈ ಗಲಾಟೆಗೆ ಹೆದರಿ ಒಂದು ಜೋಡಿ ದೊಡ್ಡ ಗಿಡುಗ ಮೊಟ್ಟೆ ಬಿಟ್ಟು ಹಾರಿಹೋಗಿತ್ತು. ಹಾಗಾಗಿ ಗೇಟಿನಲ್ಲೇ, ಯಾವುದು ಯಾವುದೆಂದು ಯಾರಿಗಾದರೂ ತಿಳಿಯುವ ಹಾಗೆ ಎರಡನ್ನೂ ಅಕ್ಕಪಕ್ಕ ಬರೆಯಬೇಕು. ಹೀಗೆಂದು ಮೇಡಂ ಎರಡು ಫೋಟೋ ಕೊಟ್ಟು ಕಳಿಸಿದರು.

ಬೋರ್ಡಕ್ಕ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎರಡರಲ್ಲೂ ಹಕ್ಕಿ ಇಡೀ ಫೋಟೋ ತುಂಬಿಕೊಂಡಿತ್ತು. ಎರಡಕ್ಕೂ ಬೂದು ಬೆನ್ನು, ಅಡ್ಡಪಟ್ಟೆಯ ಎದೆ, ಹಳದಿ ಕಣ್ಣು, ಉದ್ದ ಬಾಲ. ಏಣಿಭಾವನೂ ನೋಡಿ, ಒಂದೇ ಹಕ್ಕಿಗೆ ಎರಡು ಸಲ ಫೋಟೋ ತೆಗೆದಿದ್ದಾರೆ ಎಂದು ತೀರ್ಪು ಕೊಟ್ಟ. ಆಮೇಲೆ ಅವಳು ಮಾಡಿದ್ದು ಬೋರ್ಡು ಬರೆಯುವವರು ಮಾತ್ರ ಮಾಡುವ ಎಡವಟ್ಟು. ಅವರ ಕಸುಬಿನಲ್ಲಿ ಚಿತ್ರವನ್ನು ಮೊದಲು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತಾರೆ. ಆ ಕಾಗದವನ್ನು ತಗಡಿನ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ತೂತಿನಲ್ಲಿ ಪುಡಿ ಇಳಿದು ಚಿತ್ರ ಮೂಡುತ್ತದೆ. ಅದೇ ಕಾಗದವನ್ನು ಮಗುಚಿ ಹಾಕಿ ತಟ್ಟಿದರೆ ಅದೇ ಚಿತ್ರ ಎದುರುಬದುರಾಗಿ ಬರುತ್ತದೆ. ಬಾಗಿಲಿನ ಎರಡು ಬದಿಗೆ ಎರಡು ಹೂಜಿ, ಎರಡು ನವಿಲು ಬರೆಯುವುದೆಲ್ಲ ಹೀಗೆಯೇ. ಬೋರ್ಡಕ್ಕ ಗಿಡುಗಕ್ಕೂ ಒಂದೇ ಕಾಗದ ಚುಚ್ಚಿದಳು, ಮಗುಚಿದಳು, ತಟ್ಟಿದಳು. ಎಡಬಲ ತೂಕ ಸಮಸಮ, ತಗಡು ತುಂಬಿ ತುಳುಕುವಂತಿತ್ತು. ಎಡಗಡೆಯದರ ಕೆಳಗೆ ದೊಡ್ಡ ಗಿಡುಗ ಎಂದೂ ಬಲಗಡೆಯದರ ಕೆಳಗೆ ಗುಬ್ಬಿಗಿಡುಗ ಎಂದೂ ನೆರಳು ಕೊಟ್ಟು ಉಬ್ಬಿದ ಅಕ್ಷರದಲ್ಲಿ ಬರೆದಳು. ನೋಡಿ ತಾನೇ ಮೆಚ್ಚಿಕೊಂಡಳು.

ಕಚೇರಿಯ ಅಂಗಳದಲ್ಲಿ ಅದನ್ನು ಬಿಚ್ಚಿದಾಗ ರೇಂಜರ್ ಮೇಡಂ ಹತ್ತಿರದಿಂದ ನೋಡಿದರು, ದೂರ ಹೋಗಿ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಪಕ್ಕದಲ್ಲಿ ಕಾಡಿನ ಕಾವಲುಗಾರ ನಿಂತಿದ್ದ. ಇಪ್ಪತ್ತು ವರ್ಷ ಕಾಡಿನಲ್ಲಿದ್ದು ಸಂತೆಯಲ್ಲೂ ಪಿಸುಗುಟ್ಟುವ ಅಭ್ಯಾಸ ಬಿದ್ದಿದ್ದರಿಂದ ಅವನನ್ನು ಎಲ್ಲರೂ ಪಿಸುಮಾತು ಎಂದೇ ಕರೆಯುತ್ತಿದ್ದರು. ಅವನು ಮೆಲ್ಲಗೆ ಹೇಳಿದ, "ಮೇಡಂ, ದೊಡ್ಡ ಗಿಡುಗ ಕನ್ನಡಿ ನೋಡ್ಕೊಳ್ತಾ ಇದೆ."

ಬೋರ್ಡಕ್ಕನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಮಾಡಿದ್ದು ಏನೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎರಡಕ್ಕೂ ಒಂದೇ ಕಾಗದ ತಟ್ಟಿದ್ದೆಂದು ಒಪ್ಪಿಕೊಂಡಳು. ಮೇಡಂ ಬೈಯುತ್ತಾರೆಂದು ಕಾದರೆ ಅವರು ನಕ್ಕುಬಿಟ್ಟರು, ಅದು ಬೈಗುಳಕ್ಕಿಂತ ಜೋರಾಗಿ ನಾಟಿತು. ನಕ್ಕು ಮುಗಿದ ಮೇಲೆ, ಇನ್ನೂ ಹತ್ತು ದಿನ ಕೊಡುತ್ತೇನೆ, ಆದರೆ ಫೋಟೋ ನೋಡಿ ಬರೆಯುವುದು ಬೇಡ, ಪಿಸುಮಾತಿನ ಜೊತೆ ಹೋಗಿ ಹಕ್ಕಿಯನ್ನೇ ನೋಡಿ ಬನ್ನಿ ಎಂದರು.

ಮರುದಿನ ಬೆಳಗ್ಗೆ ಅವಳು ಕಾಡಿಗೆ ಹೊರಟಳು. ಐವತ್ತಮೂರು ವರ್ಷ ಆ ಊರಿನಲ್ಲಿ ಬದುಕಿದವಳು ಗೇಟಿನಿಂದಾಚೆ ಹೋದದ್ದು ಅದೇ ಮೊದಲು. ಮೊದಲ ದಿನ ಕಂಡದ್ದು ಎಲೆ, ಎಲೆ, ಮತ್ತೆ ಎಲೆ. ಕುತ್ತಿಗೆ ನೋವು ಬೇರೆ. ಪಿಸುಮಾತು ಇನ್ನೊಂದು ಕಷ್ಟ ತಿಳಿಸಿದ. ಎರಡಕ್ಕೂ ಅಜಗಜಾಂತರ ಇದ್ದರೂ ಆಕಾಶದಲ್ಲಿ ಹಾರುವಾಗ ಗಾತ್ರ ತಿಳಿಯುವುದಿಲ್ಲ. ಪಕ್ಕದಲ್ಲಿ ಅಳೆಯಲು ಏನೂ ಇರುವುದಿಲ್ಲವಲ್ಲ. ಸಾಲದ್ದಕ್ಕೆ ಎರಡರಲ್ಲೂ ಹೆಣ್ಣೇ ದೊಡ್ಡದು, ಗಂಡು ಚಿಕ್ಕದು. ಹಾಗಾಗಿ ದೊಡ್ಡ ಗಿಡುಗದ ಗಂಡು, ಗುಬ್ಬಿಗಿಡುಗದ ಹೆಣ್ಣು, ಇವೆರಡನ್ನು ದೂರದಿಂದ ನೋಡಿದರೆ ಅವನೇ ಒಮ್ಮೊಮ್ಮೆ ತಬ್ಬಿಬ್ಬಾಗುತ್ತಾನೆ. ಬೋರ್ಡಕ್ಕ ಈ ಸುದ್ದಿಯನ್ನು ಸಂಜೆ ಮನೆಗೆ ತಂದಳು. ಏಣಿಭಾವ "ಅದರಲ್ಲೇನು ಹೊಸದು? ನಾವಿಬ್ರೂ ಗಿಡುಗದ ವಂಶ ಅಂತ ಮದುವೆ ದಿನಾನೇ ನಂಗೆ ಗೊತ್ತಾಗಿತ್ತು" ಎಂದ. ಅವಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಕುತ್ತಿಗೆ ನೋವು ಅರ್ಧ ಅಲ್ಲೇ ಹೋಯಿತು.

ಎರಡನೆಯ ದಿನ ಪಿಸುಮಾತು, ಗಿಡುಗವನ್ನು ಹುಡುಕಬೇಡಿ, ಸಣ್ಣ ಹಕ್ಕಿಗಳು ಯಾವಾಗ ಬಾಯಿ ಮುಚ್ಚುತ್ತವೆ ಅಂತ ಕೇಳಿಸಿಕೊಳ್ಳಿ ಎಂದ. ಕಾಡಂಚಿನ ಪೊದೆಯ ಹತ್ತಿರ ಇಬ್ಬರೂ ಕೂತರು. ಪೊದೆಯೊಳಗೆ ಸಣ್ಣ ಹಕ್ಕಿಗಳ ಚಿಲಿಪಿಲಿ ಜೋರಾಗಿತ್ತು. ಒಮ್ಮೆಲೇ ಅದು ನಿಂತಿತು. ಏನೋ ಒಂದು ನೆಲಕ್ಕೆ ಹತ್ತಿರದಲ್ಲೇ ಬಂದು, ಪೊದೆಯ ನೆತ್ತಿ ಹಾರಿ, ಆಚೆ ಬದಿಗೆ ಮಗುಚಿಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋದ ಕೆಲಸ. ಬೇಟೆ ತಪ್ಪಿತೆಂದು ಕಾಣುತ್ತದೆ, ಹಕ್ಕಿ ಹತ್ತು ಹೆಜ್ಜೆ ದೂರದ ಮೋಟು ಮರದ ಮೇಲೆ ಬಂದು ಕೂತಿತು. ಗುಬ್ಬಿಗಿಡುಗ. ಗಂಡು. ನೀಲಿ ಬೆರೆತ ಬೂದು ಬೆನ್ನು, ಎದೆಯಲ್ಲಿ ಕೆಂಚು ಪಟ್ಟೆ. ಬೋರ್ಡಕ್ಕನ ಕಣ್ಣು ಹೋದದ್ದು ಅದರ ಕಾಲಿಗೆ. ಬೆಂಕಿಕಡ್ಡಿಯ ಹಾಗೆ ಸಪೂರ, ಹಳದಿ, ಉದ್ದ. ಬಾಲದ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ನೇರ. ಮುಖದಲ್ಲಿ ಈಗಷ್ಟೇ ಬೆಚ್ಚಿಬಿದ್ದವರ ಕಳೆ. ಅದು ಹಾರಿದಾಗ ಪಟಪಟಪಟ ರೆಕ್ಕೆ ಬಡಿದು ಸ್ವಲ್ಪ ತೇಲಿತು, ಮತ್ತೆ ಪಟಪಟಪಟ, ಮತ್ತೆ ತೇಲಿತು.

ಮೂರನೆಯ ದಿನ ದಟ್ಟ ಕಾಡಿನೊಳಗೆ ಹೋದರು. ಹಳೆಯ ಎತ್ತರದ ಮರಗಳು, ಕೆಳಗೆ ಅರೆಗತ್ತಲು. ಗೂಡಿನಿಂದ ಬಹಳ ದೂರದಲ್ಲಿ, ಉರುಳಿಬಿದ್ದ ಮರದ ಮರೆಯಲ್ಲಿ ಪಿಸುಮಾತು ಅವಳನ್ನು ಕೂರಿಸಿ ತನ್ನ ದುರ್ಬೀನು ಕೊಟ್ಟ. ಒಂದೂವರೆ ಗಂಟೆ ಕಾದ ಮೇಲೆ ದೊಡ್ಡ ಗಿಡುಗ ಬಂತು. ಬರುವ ರೀತಿಯೇ ಬೇರೆ. ಧಾವಂತ ಇಲ್ಲ. ನಿಧಾನಕ್ಕೆ, ತೂಕವಾಗಿ ರೆಕ್ಕೆ ಹಾಕುತ್ತಾ ಬಂದು ಕೊಂಬೆಯ ಮೇಲೆ ಇಳಿದಾಗ ಕೊಂಬೆ ತೂಗಿತು. ಅಗಲವಾದ ಎದೆ, ಕಣ್ಣಿನ ಮೇಲೆ ಹುಬ್ಬಿನಂತೆ ಬಿಳಿ ಪಟ್ಟೆ, ದಪ್ಪ ಕಾಲು, ಗುಂಡಗಿನ ಬಾಲ. ಅದು ಬೋರ್ಡಕ್ಕ ಇದ್ದ ದಿಕ್ಕಿಗೆ ನೋಡಿತು. ಶಾಲೆಯಲ್ಲಿ ತಪ್ಪು ಲೆಕ್ಕ ತೋರಿಸಿದಾಗ ಮೇಷ್ಟ್ರು ನೋಡುತ್ತಿದ್ದ ನೋಟ.

ಅವಳಿಗೆ ಆಗ ತಟ್ಟನೆ ಹೊಳೆಯಿತು, ಅದೂ ತನ್ನ ಕಸುಬಿನ ದಾರಿಯಲ್ಲೇ. ಸಣ್ಣ ಅಕ್ಷರವನ್ನು ಹಿಗ್ಗಿಸಿದ ಮಾತ್ರಕ್ಕೆ ದೊಡ್ಡ ಅಕ್ಷರ ಆಗುವುದಿಲ್ಲ. ಅಂಗೈಯಗಲದ ಬೋರ್ಡಿಗೆ ಬರೆದದ್ದನ್ನೇ ಅಂಗಡಿಯಗಲಕ್ಕೆ ಹಿಗ್ಗಿಸಿದರೆ ಸೊರಗಿದ ಹಾಗೆ ಕಾಣುತ್ತದೆ. ಅದರ ಮೈ ಬೇರೆ, ತಿರುವು ಬೇರೆ, ಬ್ರಷ್ ಬೇರೆ. ಇದನ್ನು ಅವಳು ಹದಿನೈದನೆಯ ವಯಸ್ಸಿಗೇ ಕಲಿತಿದ್ದಳು. ದೊಡ್ಡ ಗಿಡುಗ ಹಿಗ್ಗಿಸಿದ ಗುಬ್ಬಿಗಿಡುಗ ಅಲ್ಲ. ಒಂದು ಇಡೀ ಮೈಯಲ್ಲಿ ಭಾರ, ಇನ್ನೊಂದು ಇಡೀ ಮೈಯಲ್ಲಿ ಅವಸರ. ಇದನ್ನು ಪಿಸುಮಾತಿಗೆ ಹೇಳಿದಳು. ಅವನು ಅರ್ಥವಾಗದಿದ್ದರೂ ತಲೆಯಾಡಿಸಿದ, ಒಳ್ಳೆಯ ಮನುಷ್ಯ.

ಅಷ್ಟರಲ್ಲಿ ಎಲ್ಲಿತ್ತೋ ಏನೋ, ಒಂದು ಗುಬ್ಬಿಗಿಡುಗ ಕಿರುಚುತ್ತಾ ಬಂದು ದೊಡ್ಡದರ ತಲೆಯ ಮೇಲೆ ಎರಗಿತು. ಹತ್ತಿರದಲ್ಲೇ ಅದರದೂ ಗೂಡಿತ್ತಂತೆ. ತನಗಿಂತ ಎಷ್ಟೋ ಚಿಕ್ಕದಾದ ಹಕ್ಕಿ ಮೈಮೇಲೆ ಬಂದರೂ ದೊಡ್ಡ ಗಿಡುಗ ತಲೆ ತಗ್ಗಿಸಿತೇ ಹೊರತು ಕದಲಲಿಲ್ಲ. ಎರಡನೆಯ ಸಲ ಎರಗಿದಾಗ, ಯಾಕೆ ಸುಮ್ಮನೆ ರಗಳೆ ಅನ್ನುವಂತೆ ಎದ್ದು ಆಚೆ ಹೋಯಿತು. ಎಲ್ಲ ಸೇರಿ ನಾಲ್ಕೈದು ಕ್ಷಣ. ಆದರೆ ಆ ನಾಲ್ಕೈದು ಕ್ಷಣ ಎರಡೂ ಒಂದೇ ಕೊಂಬೆಯ ಅಳತೆಯಲ್ಲಿ ಅವಳ ಕಣ್ಣೆದುರು ಇದ್ದವು. ಇಷ್ಟೊಂದು ಸಂತೋಷ ಅವಳಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ. ಕಣ್ಣಲ್ಲಿ ನೀರೇ ಬಂತು. ಪಿಸುಮಾತು ಗಾಬರಿಯಾಗಿ, "ಅಕ್ಕ, ಏನಾದ್ರೂ ಕಚ್ಚಿತಾ?" ಎಂದು ಕೇಳಿದ. ಇಲ್ಲ, ಯಾವುದನ್ನು ಬರೆಯಬೇಕು ಅಂತ ಗೊತ್ತಾಯಿತು ಎಂದಳು.

ಕಚೇರಿಯ ಡ್ರಾಯರಿನಲ್ಲಿ ಪಿಸುಮಾತು ಉದುರಿದ ಗರಿಗಳನ್ನು ಇಟ್ಟುಕೊಂಡಿದ್ದ. ದೊಡ್ಡ ಗಿಡುಗದ ಬಾಲದ ಗರಿ ಅವಳ ಗೇಣಿಗಿಂತ ಉದ್ದ. ಗುಬ್ಬಿಗಿಡುಗದ್ದು ಗೇಣಿಗೆ ಮೂರು ಬೆರಳು ಕಡಿಮೆ. ಅದನ್ನೇ ಅಳತೆ ಹಿಡಿದು ಲೆಕ್ಕ ಹಾಕಿದಳು. ಎರಡನ್ನೂ ಒಂದೇ ಕೊಂಬೆಯ ಮೇಲೆ, ಇದ್ದ ಗಾತ್ರದಲ್ಲೇ ಬರೆಯುವುದೆಂದು ತೀರ್ಮಾನಿಸಿದಳು. ಕಾಗದ ಚುಚ್ಚಲೇ ಇಲ್ಲ. ತಗಡಿಗೆ ಬಿಳಿ ಬಳಿದು ಒಣಗಿಸಿ, ಕೈ ಊರುವ ಕೋಲು ಹಿಡಿದು ನೇರವಾಗಿ ಬ್ರಷ್ಷಿಗಿಳಿದಳು. ಎಡಕ್ಕೆ ದೊಡ್ಡದು, ಎರಡೂವರೆ ಗೇಣು, ತಗಡಿನ ಅರ್ಧಕ್ಕೂ ಹೆಚ್ಚು ಅದೇ ತಿಂದಿತು. ಬಲಕ್ಕೆ ಚಿಕ್ಕದು, ಒಂದೂವರೆ ಗೇಣು. ಮೇಲಿನ ಅಂಚಿನಲ್ಲಿ ಎರಡೂ ಹಾರುವ ಆಕಾರವನ್ನು ಬರೀ ಕಪ್ಪಿನಲ್ಲಿ ಪುಟ್ಟದಾಗಿ ಬರೆದಳು. ಒಂದರ ಬಾಲ ಗುಂಡಗೆ, ಇನ್ನೊಂದರದ್ದು ನೇರ. ಕೆಳಗೆ ಎರಡೇ ಸಾಲು ಅಕ್ಷರ.

ಆದರೆ ಬಲಗಡೆ, ಗುಬ್ಬಿಗಿಡುಗದ ತಲೆಯ ಮೇಲೆ ಗೇಣಿನಷ್ಟು ಜಾಗ ಖಾಲಿ ಉಳಿಯಿತು. ಬೋರ್ಡಕ್ಕ ಆ ಖಾಲಿಯ ಮುಂದೆ ಎರಡು ದಿನ ಒದ್ದಾಡಿದಳು. ಕೈ ತಾನಾಗಿ ಹಸಿರು ಡಬ್ಬಕ್ಕೆ ಹೋಗುತ್ತಿತ್ತು. ಏಣಿಭಾವ ಇಟ್ಟಿಗೆಯ ಮೇಲೆ ನಿಂತು ನೋಡಿ, ಅಲ್ಲೊಂದು ಹೂವಿನ ಗೊಂಚಲು ಬಂದರೆ ತೂಕ ಸರಿಯಾಗುತ್ತದೆ ಎಂದ. ಅಪ್ಪ ಇದ್ದಿದ್ದರೆ ಬ್ರಷ್ ಕಿತ್ತುಕೊಂಡು ತಾವೇ ಒಂದು ಸೂರ್ಯನನ್ನು ಕೂರಿಸುತ್ತಿದ್ದರು. ಅವಳಿಗೂ ಗೊತ್ತಿತ್ತು, ತಗಡು ಒಂದು ಕಡೆಗೆ ವಾಲಿದಂತೆ ಕಾಣುತ್ತಿದೆ. ಆದರೆ ಹೂವು ಬಂದರೆ ಕಣ್ಣು ಹೂವಿಗೆ ಹೋಗುತ್ತದೆ, ಹಕ್ಕಿ ಚಿಕ್ಕದೆಂದು ತಿಳಿಯುವುದೇ ಆ ಖಾಲಿ ಜಾಗದಿಂದ. ಕೊನೆಗೆ ಡಬ್ಬದ ಮುಚ್ಚಳ ಒತ್ತಿ ಹಾಕಿ, "ಇದು ಹಿಂಗೇ ಇರ್ಲಿ ರೀ" ಎಂದಳು. ಅವನು ಇಟ್ಟಿಗೆಯಿಂದ ಇಳಿದ.

ರೇಂಜರ್ ಮೇಡಂ ಈ ಸಲ ನಗಲಿಲ್ಲ. ಚೆನ್ನಾಗಿದೆ ಎಂದರು. ಅದಕ್ಕೇ ಬೋರ್ಡಕ್ಕ ಹಿಗ್ಗಬೇಕೆನ್ನುವಷ್ಟರಲ್ಲಿ ಅವರು ಮಾತು ಮುಂದುವರಿಸಿದರು. ಚೆನ್ನಾಗಿರುವುದು ತನಗೆ ಬೇಕಿಲ್ಲ, ಜನಕ್ಕೆ ತಿಳಿಯಬೇಕು. ಭಾನುವಾರ ಗೇಟಿನಲ್ಲಿ ನಿಲ್ಲಿಸೋಣ, ನೂರಾರು ಜನ ಬರುತ್ತಾರೆ, ಹಕ್ಕಿ ಎಂದರೆ ಕಾಗೆ ಕೋಳಿ ಬಿಟ್ಟು ಬೇರೆ ಗೊತ್ತಿಲ್ಲದ ಒಬ್ಬರಾದರೂ ಇದನ್ನು ನೋಡಿ ಹಾರುವ ಗಿಡುಗವನ್ನು ಸರಿಯಾಗಿ ಗುರುತಿಸಿದರೆ ನಲವತ್ತೂ ನಿಮ್ಮದು. ಸಂಜೆಯೊಳಗೆ ಯಾರಿಂದಲೂ ಆಗದಿದ್ದರೆ ಕಲ್ಲು ಕೆತ್ತುವವರಿಗೆ ಹೇಳುತ್ತೇನೆ. ಆ ಭಾನುವಾರವೇ ತಿಂಗಳ ಕೊನೆಯ ದಿನ.

ಅವತ್ತು ಬೆಳಗ್ಗೆಯಿಂದ ಬೋರ್ಡಕ್ಕ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಏಣಿ ಇಲ್ಲದ ಏಣಿಭಾವ, ಕೈ ಎಲ್ಲಿಡಬೇಕೆಂದು ತಿಳಿಯದೆ. ಬಸ್ಸಿನಿಂದ ಇಳಿದವರು ಬೋರ್ಡಿನ ಮುಂದೆ ನಿಂತರು, ಅದರ ಜೊತೆ ತಮ್ಮ ಫೋಟೋ ತೆಗೆದುಕೊಂಡರು, ಹೋದರು. ಒಬ್ಬ ಯಜಮಾನರು ಗಿಳಿ ಸೊಗಸಾಗಿದೆ ಎಂದರು. ಬೋರ್ಡಕ್ಕ ಹಲ್ಲು ಕಚ್ಚಿಕೊಂಡಳು. ಹನ್ನೊಂದು ಗಂಟೆಗೆ ಮರಗಳ ಮೇಲೆ ಒಂದು ಗಿಡುಗ ಸುತ್ತು ಹಾಕಿತು. ಹತ್ತಾರು ಜನ ಕೈ ತೋರಿಸಿ ದೊಡ್ಡದು ದೊಡ್ಡದು ಎಂದು ಕೂಗಿದರು. ಗುಬ್ಬಿಗಿಡುಗ. ಮೇಡಂ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಮಧ್ಯಾಹ್ನ ಯಾವ ಹಕ್ಕಿಯೂ ಹಾರಲಿಲ್ಲ. ಬಿಸಿಲಿಗೆ ಹಕ್ಕಿಗಳೂ ಮಲಗುತ್ತವೆ ಎಂದು ಪಿಸುಮಾತು ಸಮಾಧಾನ ಹೇಳಿದ, ಅದರಿಂದ ಸಮಾಧಾನವೇನೂ ಆಗಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಮಗಳು ಬಂದಳು. ತನ್ನ ಅಂಗಡಿಗೆ ಬೀಗ ಹಾಕಿ, ಅಮ್ಮನನ್ನು ಕರೆದುಕೊಂಡು ಹೋಗಲೆಂದೇ ಬಂದಿದ್ದಳು. ಅಮ್ಮನ ಮುಖ ನೋಡಿದಳು, ಸೋತವರನ್ನು ಕೆಣಕುವ ಮಗಳಲ್ಲ. ಬುತ್ತಿ ಬಿಚ್ಚಿ ಇಬ್ಬರಿಗೂ ಕೊಟ್ಟು, ಅವರು ತಿನ್ನುವವರೆಗೆ ಏನು ಮಾಡುವುದೆಂದು ಹೋಗಿ ಬೋರ್ಡಿನ ಮುಂದೆ ನಿಂತಳು. ಅವಳದೂ ಬೋರ್ಡಿನ ವ್ಯಾಪಾರವೇ, ಹಾಗಾಗಿ ಅಂಚು ಸವರಿ ನೋಡಿದಳು, ಬಣ್ಣದ ಹೊಳಪು ನೋಡಿದಳು. ಬಲಗಡೆಯ ಖಾಲಿ ಜಾಗದ ಮುಂದೆ ತುಂಬ ಹೊತ್ತು ನಿಂತಳು. ಅಮ್ಮ ಖಾಲಿ ಬಿಟ್ಟದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಲ್ಲಿಂದ ಚಿಕ್ಕ ಹಕ್ಕಿಗೆ ಇಳಿದಳು, ಅಲ್ಲಿಂದ ದೊಡ್ಡದಕ್ಕೆ, ಮತ್ತೆ ಚಿಕ್ಕದಕ್ಕೆ.

ಅಷ್ಟರಲ್ಲಿ ಕಾಡಿನ ಕಡೆಯಿಂದ ಒಂದು ಗಿಡುಗ ಬಂತು. ಗೇಟಿನಲ್ಲಿದ್ದವರೆಲ್ಲ ಮತ್ತೆ ಕೂಗಿದರು, ಈ ಸಲ ಚಿಕ್ಕದು ಎಂದು, ಏಕೆಂದರೆ ಬೆಳಗ್ಗೆ ತಪ್ಪಾದದ್ದು ಎಲ್ಲರಿಗೂ ಗೊತ್ತಾಗಿತ್ತು. ಅದು ಬಹಳ ಎತ್ತರದಲ್ಲಿ ಇದ್ದುದರಿಂದ ಚಿಕ್ಕದಾಗಿಯೇ ಕಾಣುತ್ತಿತ್ತು. ಮಗಳು ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಚಿಕ್ಕದಲ್ಲ ಅದು," ಎಂದಳು, ಯಾರಿಗೆ ಅಂತಲೂ ಇಲ್ಲ. "ಬಾಲ ಗುಂಡಗಿದೆ. ಅವಸರಾನೇ ಇಲ್ಲ ನೋಡಿ ಅದಕ್ಕೆ. ದೊಡ್ಡದು, ದೂರದಲ್ಲಿದೆ ಅಷ್ಟೆ."

ಪಿಸುಮಾತು ದುರ್ಬೀನು ಎತ್ತಿದ. ಹಕ್ಕಿ ಮರಗಳ ಮೇಲೆ ವಾಲಿ, ಬಿಳಿ ಹೊಟ್ಟೆ ತೋರಿಸಿ, ಕಾಡಿನೊಳಗೆ ಇಳಿಯುವವರೆಗೂ ಇಳಿಸಲಿಲ್ಲ. ಇಳಿಸಿದ ಮೇಲೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಜೋರಾಗಿ ಮಾತಾಡಿದ. ದೊಡ್ಡ ಗಿಡುಗ, ಗಂಡು, ತನಗೂ ಮೊದಲು ಅನುಮಾನ ಬಂದಿತ್ತು ಎಂದ. ರೇಂಜರ್ ಮೇಡಂ ಮಗಳನ್ನು ಕೇಳಿದರು, ಹಕ್ಕಿ ನೋಡುವ ಅಭ್ಯಾಸ ಇದೆಯೇ ಎಂದು. ಇಲ್ಲ ಮೇಡಂ, ತಲೆಯೆತ್ತಿದರೆ ನಮಗೆ ಕಾಣುವುದು ಫ್ಯಾನ್ ಮಾತ್ರ ಎಂದಳು ಅವಳು. ಮೇಡಂ ಪುಸ್ತಕ ಮುಚ್ಚಿ, ಬೋರ್ಡಕ್ಕನ ಕಡೆ ತಿರುಗಿ, ಉಳಿದ ಮೂವತ್ತೊಂಬತ್ತು ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದರು.

ಮಗಳಿಗೆ ತಾನು ಮಾಡಿದ್ದೇನೆಂದು ಆಗ ಗೊತ್ತಾಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡಳು. ಅಮ್ಮನನ್ನು ಕರೆದುಕೊಂಡು ಹೋಗಲು ಬಂದವಳೇ ಅಮ್ಮನನ್ನು ಏಣಿಗೆ ಹತ್ತಿಸಿಬಿಟ್ಟಿದ್ದಳು. ಮುಖ ಮೊದಲು ಸಪ್ಪಗಾಯಿತು, ಆಮೇಲೆ ಏನಾಯಿತೋ, ನಗು ತಡೆಯಲಾರದೆ ಬೆಂಚಿನ ಮೇಲೆ ಅಮ್ಮನ ಪಕ್ಕ ಕುಸಿದು ಕೂತಳು. ಏಣಿಭಾವ ಇಬ್ಬರನ್ನೂ ನೋಡುತ್ತಾ, ತುತ್ತು ಕೈಯಲ್ಲೇ ಹಿಡಿದು, ಸುಮ್ಮನೆ ಕಣ್ಣೊರೆಸಿಕೊಳ್ಳುತ್ತಿದ್ದ.

ಬೋರ್ಡಕ್ಕ ಮಾತ್ರ ಗೇಟಿನ ಕಡೆ ನೋಡುತ್ತಿದ್ದಳು. ಮೂವತ್ತೊಂದು ವರ್ಷ ಅವಳು ಸಾವಿರಾರು ಬೋರ್ಡು ಬರೆದಿದ್ದಳು. ಜನ ಅದನ್ನು ಓದುತ್ತಿದ್ದರು, ಬಾಗಿಲು ತಳ್ಳಿ ಒಳಗೆ ಹೋಗುತ್ತಿದ್ದರು, ಅಲ್ಲಿಗೆ ಬೋರ್ಡಿನ ಕೆಲಸ ಮುಗಿಯುತ್ತಿತ್ತು. ಇಲ್ಲಿ ನಿಂತವರು ಬೋರ್ಡು ಓದಿ, ತಲೆಯೆತ್ತಿ ಆಕಾಶ ನೋಡುತ್ತಿದ್ದರು. ಬೆಳಗ್ಗೆ ಗಿಳಿ ಎಂದಿದ್ದ ಯಜಮಾನರು ವಾಪಸು ಹೋಗುವ ದಾರಿಯಲ್ಲಿ ನಿಂತು, ಬೋರ್ಡನ್ನೊಮ್ಮೆ ಮೋಡವನ್ನೊಮ್ಮೆ ನೋಡುತ್ತಾ ಬಸ್ಸು ತಪ್ಪಿಸಿಕೊಂಡರು. ಇದಕ್ಕಿಂತ ದೊಡ್ಡ ಸುಖ ತನಗೆ ಬೇಕಾಗಿಲ್ಲ ಎಂದು ಅವಳಿಗೆ ಅನ್ನಿಸಿತು.

ಮಗಳು ಅವಳ ತೋಳು ಹಿಡಿದು ಅಲುಗಿಸಿದಳು. ಮರಗಳ ಮೇಲೆ ಇನ್ನೊಂದು ಹಕ್ಕಿ ಎದ್ದಿತ್ತು.

"ಅಮ್ಮ, ಅಲ್ನೋಡು. ಅದ್ಯಾವುದು?"

ಬೋರ್ಡಕ್ಕನಿಗೆ ನೋಡಿದ ತಕ್ಷಣ ಗೊತ್ತಾಯಿತು.

"ನೀನೇ ಹೇಳು," ಎಂದಳು.